ಒಂದೇ ಕಲ್ಲುಕಣಿವೆ, ಎರಡು ಹಾಳೆ: ಯಾವುದಕ್ಕೆ ದುಡ್ಡು ಹಾಕಬೇಕು?

ಲಿಯೋನ್‌ನ ಫ್ರೆಂಚ್ ಕಲಾವಿದ ಅಡಾಲ್ಫ್ ಆಪಿಯಾನ್ (1818–1898) ಮಾಡಿದ ಒಂದು ಎಚಿಂಗ್‌ನ ಎರಡು ಹಾಳೆ ನನ್ನ ಹತ್ತಿರ ಇವೆ. ಎಚಿಂಗ್ ಅಂದರೆ ತಾಮ್ರದ ಪ್ಲೇಟಿನಲ್ಲಿ ಆಮ್ಲದಿಂದ ಗೆರೆ ಕೊರೆದು, ಗೆರೆಯೊಳಗೆ ಇಂಕು ತುಂಬಿ ಕಾಗದಕ್ಕೆ ಒತ್ತಿ ತೆಗೆದ ಅಚ್ಚು. ಎರಡರಲ್ಲೂ ಅದೇ ಕಲ್ಲುಕಣಿವೆ. ಒಂದರ ಕೆಳಗೆ ಚಿತ್ರದ ಹೆಸರು, ಪ್ರಕಾಶಕರ ವಿಳಾಸ ಎಲ್ಲ ಇದೆ. ಇನ್ನೊಂದು ಅಕ್ಷರ ಕೆತ್ತುವುದಕ್ಕೂ ಮುಂಚೆ ತೆಗೆದದ್ದು. ಬೆಲೆ ಮೂರು ಪಟ್ಟು ಆದರೂ ನನ್ನ ಆಯ್ಕೆ ಆ ಎರಡನೆಯದೇ.

ಕಾರಣ, ಎರಡು ಬಂಡೆಗಳ ನಡುವಿನ ಆ ಕತ್ತಲು. ಮುಂಚಿನ ಪ್ರತಿಯಲ್ಲಿ ಮುದ್ರಕ ಪ್ಲೇಟನ್ನು ಪೂರ್ತಿ ಒರೆಸಿಲ್ಲ, ತೆಳುವಾಗಿ ಇಂಕು ಉಳಿಸಿದ್ದಾನೆ. ಆಮೇಲೆ ಬಟ್ಟೆ ಆಡಿಸಿ ಗೆರೆಯೊಳಗಿನ ಇಂಕನ್ನು ಸ್ವಲ್ಪ ಮೇಲೆಳೆದಿದ್ದಾನೆ. ನೆರಳು ಮೆತ್ತಗಾಗಿದೆ, ಕಣ್ಣು ಒಳಗೊಳಗೆ ಹೋಗುತ್ತದೆ. ಅಕ್ಷರ ಇರುವ ಪ್ರತಿಯಲ್ಲಿ ಒರೆಸಿದ್ದು ಜಾಸ್ತಿ ಆಗಿದೆ. ಅಡ್ಡ ಗೆರೆಗಳ ನಡುವೆ ಬಿಳಿ ಕಾಗದ ಇಣುಕುತ್ತದೆ. ಕಣಿವೆಯ ಬಾಯಿಗೆ ಸೊಳ್ಳೆಪರದೆ ಕಟ್ಟಿದ ಹಾಗೆ.

ತಾಮ್ರ ಮೆತ್ತಗಿನ ಲೋಹ, ಕೆಲವು ನೂರು ಪ್ರತಿಗೇ ಸವೆಯಲು ಶುರು. ಅದಕ್ಕೇ ಆ ಕಾಲದಲ್ಲಿ ಪ್ಲೇಟಿನ ಮೇಲೆ ಕಬ್ಬಿಣದ ತೆಳು ಪದರ ಕೂರಿಸುತ್ತಿದ್ದರು, ಆಗ ಸಾವಿರಾರು ಪ್ರತಿ ತೆಗೆಯಬಹುದು. ಅಕ್ಷರ ಇರುವ ಪ್ರತಿಗಳನ್ನು ಅಷ್ಟು ತೆಗೆಯುವಾಗ ಒಂದೊಂದಕ್ಕೂ ಕೈಯಲ್ಲಿ ಇಂಕು ಹದ ಮಾಡುತ್ತಾ ಕೂರಲು ಆಗುತ್ತಾ? 1862ರಲ್ಲಿ ಪ್ಯಾರಿಸ್ಸಿನ ಪ್ರಕಾಶಕ ಆಲ್ಫ್ರೆಡ್ ಕಡಾರ್ ಎಚಿಂಗ್ ಕಲಾವಿದರ ಸಂಘ ಕಟ್ಟಿದ ಮೇಲೆ ಈ ಚಿತ್ರಗಳನ್ನು ಕೊಳ್ಳುವವರೂ ಹೆಚ್ಚಾದರು.

ಇನ್ನು ನನ್ನ ಮೆಚ್ಚಿನ ಹಾಳೆಯ ಕಾಟ. ಹಿಂದೆ ಯಾರೋ ನಾಲ್ಕೂ ಅಂಚಿಗೆ ಗೋಂದು ಹಚ್ಚಿ ರಟ್ಟಿಗೆ ಅಂಟಿಸಿದ್ದರು. ಹವೆಯಲ್ಲಿ ತೇವ ಹೆಚ್ಚಾದಾಗ ಕಾಗದ ಹಿಗ್ಗಬೇಕು, ಹಿಗ್ಗಲು ಜಾಗವಿಲ್ಲ. ನಡುವೆ ಉಬ್ಬಿ, ಕಪ್ಪಾದ ಭಾಗ ಗಾಜಿಗೆ ತಾಗುತ್ತಿತ್ತು. ರಟ್ಟಿನ ಆಮ್ಲ ಏರಿ ಅಂಚೂ ಕಂದು ಬಣ್ಣಕ್ಕೆ ತಿರುಗಿತ್ತು. ಅಂಗಡಿಯಲ್ಲಿ ಫ್ರೇಮು ಬಿಚ್ಚಿ ತೋರಿಸದಿದ್ದರೆ ಇದು ಕಾಣುವುದೇ ಇಲ್ಲ. ಬಿಡಿಸಿ ಸರಿಮಾಡಿಸಲು ಹಾಳೆಯ ಬೆಲೆಯ ಅರ್ಧದಷ್ಟು ಖರ್ಚಾಯಿತು. ಹಾಗಾಗಿ ಬಿಚ್ಚಿ ತೋರಿಸಿ ಅಂತ ಕೇಳಿ. ಅಂಗಡಿಯವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ಫೋಟೋ ತೆಗೆದು ಮಾಡಿದ ಹೊಸ ಅಚ್ಚು ಅಗ್ಗ. ಭೂತಗನ್ನಡಿ ಹಿಡಿದರೆ ಬರೀ ಚುಕ್ಕಿ.

ದೂರದ ಗೋಡೆಗೆ ಹಾಕುವುದಾದರೆ ಅಕ್ಷರ ಇರುವ ಪ್ರತಿಯೇ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ನಾನು ಹಾಳೆಯನ್ನು ಮೇಜಿನ ಮೇಲಿಟ್ಟು, ದೀಪ ಪಕ್ಕಕ್ಕೆಳೆದು ಹತ್ತಿರದಿಂದ ನೋಡುವವನು. ವರ್ಷಕ್ಕೆ ಒಂದೇ ಕೊಂಡರೂ ಇಂಥದ್ದನ್ನೇ ಕೊಳ್ಳುತ್ತೇನೆ.