ಜರ್ಮನಿಯ ಇಂಗ್ಲಿಷ್ ಮಾಸ್ಟರ್ಸ್: ಪಾಠ ಇಂಗ್ಲಿಷಿನಲ್ಲಿ, ಬಾಡಿಗೆ ಪತ್ರ ಜರ್ಮನ್‌ನಲ್ಲಿ

ರೇಟಿಂಗ್: ಓದಿಗೆ ಐದಕ್ಕೆ ನಾಲ್ಕೂವರೆ, ಅರ್ಜಿ ವ್ಯವಸ್ಥೆಗೆ ಎರಡೂವರೆ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಫೀಸಿಲ್ಲ ಅನ್ನುವುದು ಬಹುಪಾಲು ನಿಜ, ಸೆಮಿಸ್ಟರ್ ವಂತಿಗೆ ಮಾತ್ರ ಕಟ್ಟಬೇಕು. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯುರೋ ಹಾಕಿದೆ. ಮ್ಯೂನಿಕ್ ತಾಂತ್ರಿಕ ವಿವಿ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯುರೋ ಕೇಳುತ್ತಿದೆ. 'ಜರ್ಮನಿ ಫ್ರೀ' ಅನ್ನುವವರಿಗೆ ಇದು ಯಾಕೋ ನೆನಪಿಗೆ ಬರುವುದಿಲ್ಲ.

ಹೆಚ್ಚಿನವರು ಮುಗ್ಗರಿಸುವುದು ನಮ್ಮ ಅಂಕವನ್ನು ಜರ್ಮನ್ ಅಂಕಕ್ಕೆ ಬದಲಿಸುವ ಲೆಕ್ಕದಲ್ಲಿ. ಅಲ್ಲಿ 1 ಅತ್ಯುತ್ತಮ, 4 ಕೊನೆಯ ಪಾಸು. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ; ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ ಸಿಜಿಪಿಎ 7 ಇದ್ದು ಪಾಸು 4 ಎಂದಾದರೆ 2.5 ಬರುತ್ತದೆ. ಪಾಸು 5 ಎಂದು ಹಿಡಿದರೆ 2.8! ಕಟ್‌ಆಫ್ 2.5 ಇರುವ ಕೋರ್ಸಿನಲ್ಲಿ ಮೊದಲನೆಯವರು ಒಳಗೆ, ಎರಡನೆಯವರು ಹೊರಗೆ. ಹಾಗಾಗಿ ಪಾಸಿನ ಮಿತಿ ಅಂಕಪಟ್ಟಿಯ ಹಿಂಬದಿಯಲ್ಲಿ ಅಚ್ಚಾಗಿದ್ದರೆ ಆ ಪುಟವನ್ನೂ ಸ್ಕ್ಯಾನ್ ಮಾಡಿ.

ಎರಡನೇ ಪೆಟ್ಟು ಕ್ರೆಡಿಟ್‌ಗಳದು. ಗಣಿತದಲ್ಲಿ ಇಷ್ಟು ಇಸಿಟಿಎಸ್ (ಯುರೋಪಿನ ಕ್ರೆಡಿಟ್) ಬೇಕು ಎಂದು ಕೋರ್ಸು ಕೇಳುತ್ತದೆ. 'ಮ್ಯಾಥಮ್ಯಾಟಿಕ್ಸ್-3' ಎಂಬ ಹೆಸರು ನೋಡಿ ಅವರಿಗೆ ಏನೂ ತಿಳಿಯದು. ಒಂದು ಇಸಿಟಿಎಸ್ ಅಂದರೆ 25ರಿಂದ 30 ಗಂಟೆಗಳ ಕೆಲಸ. ಪ್ರತಿ ವಿಷಯದ ಸಿಲಬಸ್, ಗಂಟೆಗಳ ಸಮೇತ, ಒಂದೇ ಪಿಡಿಎಫ್ ಮಾಡಿ ಲಗತ್ತಿಸುವುದು ಲೇಸು.

ಖರ್ಚು: ನಮ್ಮ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ, 2022ರ ನವೆಂಬರ್‌ನಿಂದ ಅದಿಲ್ಲದೆ ವೀಸಾ ಅರ್ಜಿಯೇ ಇಲ್ಲ. ಹಲವು ವಿವಿಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಹಾಕುವುದಾದರೆ ಮೊದಲ ಅರ್ಜಿಗೆ 75 ಯುರೋ, ಅದೇ ಸೆಮಿಸ್ಟರಿನಲ್ಲಿ ಆಮೇಲಿನ ಪ್ರತಿಯೊಂದಕ್ಕೂ 30. ಖರ್ಚಿಗೆ ಹಣವಿದೆ ಎಂದು ವೀಸಾಗೆ ತೋರಿಸುವ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯುರೋ ಇಡಬೇಕು, ತಿಂಗಳಿಗೆ 992ರಂತೆ ಕೈಗೆ ಬರುತ್ತದೆ. ಮ್ಯೂನಿಕ್‌ನಲ್ಲಿ ಅದರ ದೊಡ್ಡ ಪಾಲು ಬಾಡಿಗೆಗೇ ಹೋಗುತ್ತದೆ.

ಪಿಯುಸಿ ಮುಗಿಸಿದವರು ಈ ದಾರಿಯನ್ನು ನಂಬಿಕೊಳ್ಳಬೇಡಿ, ಅಲ್ಲಿ ಇಂಗ್ಲಿಷಿನಲ್ಲಿ ಕಲಿಸುವ ಪದವಿ ಕೋರ್ಸುಗಳು ಕಡಿಮೆ.

ಪ್ರವೇಶಕ್ಕೆ ಜರ್ಮನ್ ಕೇಳದ ಕೋರ್ಸುಗಳು ಬೇಕಾದಷ್ಟಿವೆ, ಊರು ಮಾತ್ರ ಕೇಳುತ್ತದೆ. ವಿದೇಶಿಯರ ಕಚೇರಿಯ ಪತ್ರ, ಬಾಡಿಗೆ ಕರಾರು, ಮನೆ ಮುಂದಿನ ಕಸದ ಡಬ್ಬಿಯ ಸೂಚನೆ ಎಲ್ಲ ಜರ್ಮನ್. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅನುಮತಿ ಇದ್ದರೂ ಭಾಷೆ ಬಾರದವರಿಗೆ ಸಿಗುವುದು ಹೆಚ್ಚಾಗಿ ಗೋದಾಮಿನ ಕೆಲಸ. ಎಪಿಎಸ್‌, ಅರ್ಜಿ ಎಂದು ಕಾಯುವ ಹೊತ್ತಿನಲ್ಲೇ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್‌ನ ಮೊದಲೆರಡು ಹಂತ, ಎ1, ಎ2 ಮುಗಿಸಿಕೊಳ್ಳಿ.