ಹರ್ಬಿ ಹ್ಯಾಂಕಾಕ್ ಅವರ 'ಹೆಡ್ ಹಂಟರ್ಸ್': ಕೀಬೋರ್ಡ್ ಕಲಿಯುವವರಿಗಾಗಿ ಒಂದು ವಿಮರ್ಶೆ

ಜಾಝ್ ಫ್ಯೂಷನ್ (ಜಾಝ್ ಸಂಗೀತಕ್ಕೆ ರಾಕ್, ಫಂಕ್‌ಗಳನ್ನು ಬೆರೆಸಿದ) ಶೈಲಿಯ ಕೀಬೋರ್ಡ್ ಕಲಿಯಹೊರಟವರು ಸಾಮಾನ್ಯವಾಗಿ ಮೊದಲು ಮಾರುಹೋಗುವುದು ಬೆರಳುಗಳ ವೇಗಕ್ಕೆ. ಅಂಥವರು ಮೊದಲು ಕೊಳ್ಳಬೇಕಾದ ಧ್ವನಿಮುದ್ರಿಕೆ ಹರ್ಬಿ ಹ್ಯಾಂಕಾಕ್ ಅವರ 'ಹೆಡ್ ಹಂಟರ್ಸ್' ಎಂಬುದು ನನ್ನ ಅಭಿಪ್ರಾಯ. ವೇಗವಾಗಿ ನುಡಿಸುವ ಶಕ್ತಿ ಧಾರಾಳವಾಗಿದ್ದ ವಾದಕರೊಬ್ಬರು ಆ ಶಕ್ತಿಯನ್ನು ಬಹುಪಾಲು ಹಿಡಿದಿಟ್ಟುಕೊಂಡು, ಯಾವ ವಾದ್ಯಕ್ಕೆ ಯಾವ ಕೆಲಸ ಒಪ್ಪಿಸಬೇಕು, ಯಾವಾಗ ಕೈ ಹಿಂದೆಗೆಯಬೇಕು ಎಂಬುದನ್ನೇ ಮುಖ್ಯವಾಗಿಸಿಕೊಂಡ ಆಲ್ಬಮ್ ಇದು. ಆ ವಿವೇಕವನ್ನು ಅಭ್ಯಾಸದ ಪುಸ್ತಕಗಳು ಕಲಿಸುವುದಿಲ್ಲ, ಕಿವಿಯಿಂದಲೇ ಪಡೆಯಬೇಕು.

1973ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮುದ್ರಣಗೊಂಡು, ಮರುತಿಂಗಳೇ ಕೊಲಂಬಿಯಾ ಕಂಪನಿಯಿಂದ ಹೊರಬಂದ ಈ ಆಲ್ಬಮ್‌ನಲ್ಲಿರುವುದು ನಾಲ್ಕೇ ಕೃತಿಗಳು. ಒಟ್ಟು ಅವಧಿ 41 ನಿಮಿಷಗಳಿಗಿಂತ ತುಸು ಹೆಚ್ಚು. ಹ್ಯಾಂಕಾಕ್ ಅವರ ಜೊತೆಗೆ ಬೆನ್ನಿ ಮಾಪಿನ್ ಸ್ಯಾಕ್ಸೊಫೋನ್ ಮೊದಲಾದ ಊದುವಾದ್ಯಗಳನ್ನೂ, ಪಾಲ್ ಜಾಕ್ಸನ್ ಬೇಸ್ ಗಿಟಾರನ್ನೂ, ಹಾರ್ವಿ ಮೇಸನ್ ಡ್ರಮ್ಸನ್ನೂ, ಬಿಲ್ ಸಮ್ಮರ್ಸ್ ಇತರ ತಾಳವಾದ್ಯಗಳನ್ನೂ ನುಡಿಸಿದ್ದಾರೆ. ಮಾಮೂಲಿ ಗಿಟಾರ್ ವಾದಕರು ತಂಡದಲ್ಲಿ ಇಲ್ಲವೇ ಇಲ್ಲ. ಈ ಆಲ್ಬಮ್ ನೆಚ್ಚಿಕೊಂಡಿರುವ, ಕುಣಿಸುವ ಲಯವೇ ಪ್ರಧಾನವಾದ ಫಂಕ್ ಸಂಗೀತದಲ್ಲಿ ಲಯದ ಅರ್ಧ ಭಾರವನ್ನು ಹೊರುವುದೇ ಗಿಟಾರ್ ಆಗಿರುವುದರಿಂದ ಈ ಗೈರುಹಾಜರಿಯನ್ನು ಗಮನದಲ್ಲಿಟ್ಟುಕೊಂಡೇ ಕೇಳಬೇಕು. ಆ ಖಾಲಿ ಜಾಗವನ್ನು ತುಂಬುವ ಹೊಣೆ ಕೀಬೋರ್ಡಿನ ಮೇಲೆ ಬಿದ್ದಿದೆ.

ಹ್ಯಾಂಕಾಕ್ ಅವರ ಹಿನ್ನೆಲೆ ತಿಳಿದಿದ್ದರೆ ಆಲ್ಬಮ್ ಇನ್ನಷ್ಟು ಅರ್ಥವಾಗುತ್ತದೆ. 1940ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ಅವರು ಹನ್ನೊಂದರ ವಯಸ್ಸಿಗೇ ಷಿಕಾಗೊ ಸಿಂಫನಿ ವಾದ್ಯವೃಂದದೊಂದಿಗೆ ಮೊಜಾರ್ಟ್ ಕೃತಿಯನ್ನು ನುಡಿಸಿದವರು. ಕಾಲೇಜಿನಲ್ಲಿ ಸಂಗೀತದ ಜೊತೆಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. 1963ರಲ್ಲಿ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡ ಸೇರಿ, ಅದೇ ದಶಕದ ಕೊನೆಯ ಹೊತ್ತಿಗೆ ಆ ತಂಡದಲ್ಲಿಯೇ ಎಲೆಕ್ಟ್ರಿಕ್ ಪಿಯಾನೊ ನುಡಿಸತೊಡಗಿದವರು. ಪಿಯಾನೊದ ಶಿಸ್ತು ಮತ್ತು ಯಂತ್ರಗಳ ಕುತೂಹಲ ಎರಡೂ ಒಬ್ಬರಲ್ಲೇ ಕೂಡಿಕೊಂಡಿದ್ದರಿಂದ ಅವರು ಹೊಸ ವಾದ್ಯಗಳನ್ನು ಪಿಯಾನೊದ ಬದಲಿಗಳೆಂದು ಬಗೆಯಲಿಲ್ಲ. ಪ್ರತಿಯೊಂದರ ಒಳರಚನೆಗೆ ತಕ್ಕಂತೆ ಕೈಯನ್ನು ಬದಲಾಯಿಸಿಕೊಂಡರು.

ಕಲಿಯುವವರ ಪಾಲಿಗೆ ಆಲ್ಬಮ್‌ನ ಬೆಲೆ ಇರುವುದು ಬಹುಮಟ್ಟಿಗೆ ಮೊದಲ ಕೃತಿ 'ಕಮೀಲಿಯನ್'ನಲ್ಲಿ. ಹದಿನೈದು ನಿಮಿಷ ಮೀರಿದ ಈ ಕೃತಿ ಎಆರ್‌ಪಿ ಕಂಪನಿಯ ಒಡಿಸ್ಸಿ ಎಂಬ ಸಿಂಥಸೈಜರಿನಲ್ಲಿ (ವಿದ್ಯುನ್ಮಾನದಿಂದ ನಾದ ಹೊರಡಿಸುವ ಕೀಬೋರ್ಡಿನಲ್ಲಿ) ನುಡಿಸಿದ ಬೇಸ್ ಸಾಲೊಂದರಿಂದ ಆರಂಭವಾಗುತ್ತದೆ. ಆ ಸಾಲು ಅರ್ಧಸ್ವರದ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಮೊದಲ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೂಲಸ್ವರವನ್ನು ಮುಟ್ಟುತ್ತದೆ, ಮತ್ತೆ ಹಾಗೆಯೇ ಹತ್ತಿ ಎರಡನೆಯ ಕಾರ್ಡಿನ ಮೂಲಸ್ವರವನ್ನು ಮುಟ್ಟುತ್ತದೆ. ಇಷ್ಟೇ ಅದರ ರಚನೆ. ಆಮೇಲೆ ಡ್ರಮ್ಸ್ ಸೇರುತ್ತದೆ, ಜಾಕ್ಸನ್ ತಮ್ಮ ಬೇಸ್ ಗಿಟಾರಿನ ಮೇಲಿನ ಸ್ಥಾಯಿಯಲ್ಲಿ ಗಿಟಾರಿನಂತೆಯೇ ಕೇಳುವ ತುಣುಕೊಂದನ್ನು ಸೇರಿಸುತ್ತಾರೆ, ಕ್ಲಾವಿನೆಟ್ ಎಂಬ ತಂತಿಯುಳ್ಳ ಎಲೆಕ್ಟ್ರಿಕ್ ಕೀಬೋರ್ಡ್ ಬಂದು ಕೂರುತ್ತದೆ; ಇವೆಲ್ಲ ನೆಲೆ ನಿಂತ ಬಳಿಕವೇ ಮುಖ್ಯ ರಾಗಭಾಗ ಕೇಳಿಸುತ್ತದೆ. ಒಬ್ಬೊಬ್ಬರೂ ತಡವಾಗಿ, ಜಾಗ ನೋಡಿಕೊಂಡು ಬರುವ ಈ ಆರಂಭವನ್ನು ಗಮನವಿಟ್ಟು ಕೇಳಿದರೆ, ಐದು ಜನ ನುಡಿಸುವಾಗ ಪ್ರತಿಯೊಬ್ಬರೂ ಐದನೆಯ ಒಂದು ಪಾಲನ್ನಷ್ಟೇ ನುಡಿಸಬೇಕೆಂಬುದು ಯಾರೂ ವಿವರಿಸದೆ ಮನದಟ್ಟಾಗುತ್ತದೆ.

ಇಡೀ ಮೊದಲ ಭಾಗಕ್ಕೆ ಎರಡೇ ಕಾರ್ಡುಗಳು: ಬಿ ಫ್ಲ್ಯಾಟ್ ಮೈನರ್ ಸೆವೆನ್ ಮತ್ತು ಇ ಫ್ಲ್ಯಾಟ್ ಸೆವೆನ್. ಸ್ವರಶ್ರೇಣಿ ಡೋರಿಯನ್, ಕರ್ನಾಟಕ ಸಂಗೀತ ಬಲ್ಲವರಿಗೆ ಖರಹರಪ್ರಿಯದ ಸ್ವರಸ್ಥಾನಗಳೆಂದರೆ ಸಾಕು. ಎರಡು ಕಾರ್ಡುಗಳೆಂದರೆ ಸುಲಭವೆಂದು ತೋರಬಹುದು, ಆದರೆ ಅವನ್ನು ಹಿಡಿಯುವ ಬಗೆಯಲ್ಲೇ ಕಲಿಕೆಯಿದೆ. ಬೇಸ್ ಸಾಲು ಮೂಲಸ್ವರವನ್ನು ನುಡಿಸುತ್ತಿರುವಾಗ ಎಡಗೈ ಅದನ್ನೇ ಮತ್ತೆ ನುಡಿಸಬೇಕಿಲ್ಲ. ಜಾಝ್ ಪಿಯಾನೊದ ರೂಢಿಯಂತೆ ಮೂಲಸ್ವರವನ್ನು ಬಿಟ್ಟು ಡಿ ಫ್ಲ್ಯಾಟ್, ಎಫ್, ಎ ಫ್ಲ್ಯಾಟ್, ಸಿ ಎಂಬ ನಾಲ್ಕು ಸ್ವರಗಳನ್ನು ಹಿಡಿದು, ಎರಡನೆಯ ಕಾರ್ಡಿಗೆ ಬಂದಾಗ ಎ ಫ್ಲ್ಯಾಟನ್ನು ಮಾತ್ರ ಅರ್ಧಸ್ವರ ಕೆಳಗಿನ ಜಿ ಸ್ವರಕ್ಕೆ ಇಳಿಸಿ ನೋಡಿ. ಒಂದೇ ಬೆರಳು ಒಂದೇ ಕೀಲಿಯಷ್ಟು ಸರಿದಿದೆ. ಕಿವಿಗೆ ಮಾತ್ರ ಕೋಣೆಯ ಬಣ್ಣವೇ ಬದಲಾದಂತೆ ಕೇಳಿಸುತ್ತದೆ. ಆಲ್ಬಮ್ಮನ್ನು ಹಾಕಿಕೊಂಡು ಅದರ ಮೇಲೆ ಈ ಎರಡು ಹಿಡಿತಗಳನ್ನಷ್ಟೇ ಬೇರೆಬೇರೆ ಜಾಗಗಳಲ್ಲಿ ಚುಟುಕಾಗಿ ನುಡಿಸುತ್ತ ಹೋಗುವುದು ನನಗೆ ತಿಳಿದ ಅತ್ಯುತ್ತಮ ಅಭ್ಯಾಸಗಳಲ್ಲೊಂದು.

ಕ್ಲಾವಿನೆಟ್ಟಿನ ಪಾತ್ರವನ್ನು ಬೇರೆಯಾಗಿಯೇ ಹೇಳಬೇಕು. ಇಲ್ಲಿ ಬಳಸಿರುವುದು ಹೋನರ್ ಕಂಪನಿಯ ಡಿ6 ಮಾದರಿ. ಕೀಲಿಯನ್ನು ಒತ್ತಿದಾಗ ಅದರ ಕೆಳಗಿನ ರಬ್ಬರ್ ತುದಿ ತಂತಿಯನ್ನು ಲೋಹದ ಅಡಿಗಟ್ಟೆಗೆ ಅದುಮುತ್ತದೆ. ಬಿಟ್ಟೊಡನೆ ತಂತಿಗಳ ನಡುವೆ ಹೆಣೆದಿರುವ ನೂಲು ನಾದವನ್ನು ಥಟ್ಟನೆ ನಿಲ್ಲಿಸುತ್ತದೆ. ಅಂದರೆ ಈ ವಾದ್ಯದಲ್ಲಿ ಕೀಲಿಯನ್ನು ಒತ್ತುವ ಕ್ಷಣದಷ್ಟೇ ಬಿಡುವ ಕ್ಷಣವೂ ಲಯದ ಭಾಗ. ಹ್ಯಾಂಕಾಕ್ ಅವರ ಕ್ಲಾವಿನೆಟ್ ಸಾಲು ಅಷ್ಟು ಹರಿತವಾಗಿ ಕೇಳಿಸುವುದಕ್ಕೆ ಈ ಬಿಡುವಿಕೆಯ ನಿಖರತೆಯೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ಪಿಯಾನೊದಿಂದ ಬಂದವರು ಪೆಡಲಿನ ಆಸರೆಗೆ ಎಷ್ಟು ಒಗ್ಗಿಹೋಗಿರುತ್ತಾರೆಂದರೆ, ಸ್ವರವನ್ನು ಯಾವಾಗ ಮುಗಿಸಬೇಕೆಂಬ ಪ್ರಶ್ನೆಯನ್ನು ಅವರು ಕೇಳಿಕೊಂಡೇ ಇರುವುದಿಲ್ಲ. ಇಂದಿನ ಸಾಮಾನ್ಯ ಡಿಜಿಟಲ್ ಕೀಬೋರ್ಡಿನಲ್ಲೂ ಕ್ಲಾವಿನೆಟ್ ಧ್ವನಿ ಇರುತ್ತದೆ. ಪೆಡಲನ್ನು ಕಾಲಿಗೆ ಸಿಗದಂತೆ ದೂರ ತಳ್ಳಿ ಈ ಸಾಲನ್ನು ಅಭ್ಯಾಸ ಮಾಡಬೇಕು.

'ಕಮೀಲಿಯನ್'ನ ಮೊದಲ ಸೋಲೊ (ಒಬ್ಬರೇ ಮುಂದಾಗಿ ನುಡಿಸುವ ಭಾಗ) ಒಡಿಸ್ಸಿಯಲ್ಲಿದೆ. ಈ ಸಿಂಥಸೈಜರಿನಲ್ಲಿ ಒಂದೇ ಹೊತ್ತಿಗೆ ಎರಡಕ್ಕಿಂತ ಹೆಚ್ಚು ಸ್ವರಗಳು ಹೊರಡುವುದಿಲ್ಲ, ಕೀಲಿಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದದ ಪ್ರಮಾಣ ಬದಲಾಗುವುದಿಲ್ಲ. ಪಿಯಾನೊ ವಾದಕರೊಬ್ಬರಿಗೆ ಇದು ಬಲಗೈಯನ್ನೇ ಕಟ್ಟಿಹಾಕಿದಂತೆ. ಆದರೂ ಸೋಲೊ ಎಲ್ಲೂ ಚಪ್ಪಟೆಯಾಗುವುದಿಲ್ಲ. ಏಕೆಂದರೆ ಒತ್ತಡದಿಂದ ಬರಬೇಕಿದ್ದ ಭಾವವನ್ನು ಅವರು ಸ್ವರವನ್ನು ಎಳೆಯುವುದರಿಂದಲೂ, ಒಂದೇ ತುಣುಕನ್ನು ತಾಳದ ಬೇರೆಬೇರೆ ಬಿಂದುಗಳಿಂದ ಎತ್ತಿಕೊಳ್ಳುವುದರಿಂದಲೂ ತರುತ್ತಾರೆ. ಕೃತಿಯ ನಡುಭಾಗದಲ್ಲಿ ತಾಳದ ನಡೆಯೂ ಕಾರ್ಡುಗಳೂ ಬದಲಾಗಿ ರೋಡ್ಸ್ ಎಲೆಕ್ಟ್ರಿಕ್ ಪಿಯಾನೊ ಮುಂದೆ ಬರುತ್ತದೆ. ರೋಡ್ಸ್‌ನಲ್ಲಿ ಸುತ್ತಿಗೆ ತೆಳುವಾದ ಉಕ್ಕಿನ ಕಡ್ಡಿಯೊಂದನ್ನು ಹೊಡೆಯುತ್ತದೆ. ಮೆಲ್ಲನೆ ನುಡಿಸಿದರೆ ಗಂಟೆಯಂಥ ನಾದ, ಬಲವಾಗಿ ನುಡಿಸಿದರೆ ಗದರಿದಂಥ ಒರಟು ನಾದ. ಒಂದೇ ವ್ಯಕ್ತಿ, ಒಂದೇ ಕೃತಿ, ಎರಡು ಸೋಲೊಗಳು. ವಾದ್ಯ ಬದಲಾದಾಗ ವಾಕ್ಯಗಳ ಉದ್ದ, ಉಸಿರು, ಪದಪ್ರಯೋಗ ಎಲ್ಲವೂ ಹೇಗೆ ಬದಲಾಗುತ್ತವೆ ಎಂಬುದನ್ನು ಇವೆರಡನ್ನೂ ಅಕ್ಕಪಕ್ಕ ಇಟ್ಟು ಕೇಳಿಯೇ ತಿಳಿಯಬೇಕು. ಕೀಬೋರ್ಡಿನ ಮೇಲೆ ನೂರು ಧ್ವನಿಗಳಿದ್ದರೂ ಎಲ್ಲದರಲ್ಲೂ ಒಂದೇ ರೀತಿ ನುಡಿಸುವ ನಮ್ಮಂಥವರಿಗೆ ಇದು ಚುರುಕು ಮುಟ್ಟಿಸುವ ಹೋಲಿಕೆ.

'ವಾಟರ್‌ಮೆಲನ್ ಮ್ಯಾನ್' ಹ್ಯಾಂಕಾಕ್ ಅವರೇ 1962ರಲ್ಲಿ ತಮ್ಮ ಮೊದಲ ಆಲ್ಬಮ್‌ಗಾಗಿ ಮುದ್ರಿಸಿದ್ದ ಕೃತಿಯ ಹೊಸ ರೂಪ. ಮಧ್ಯ ಆಫ್ರಿಕಾದ ಅರಣ್ಯವಾಸಿಗಳು ಒಂದೇ ಸ್ವರದ ಕೊಳಲನ್ನೂ ತಮ್ಮ ಕಂಠವನ್ನೂ ಒಂದಾದ ಮೇಲೊಂದರಂತೆ ಬಳಸುವ ಕ್ರಮವನ್ನು ಅನುಸರಿಸಿ, ಬಿಲ್ ಸಮ್ಮರ್ಸ್ ಬಿಯರ್ ಬಾಟಲಿಯ ಬಾಯಿಗೆ ಊದಿ ಇದರ ಆರಂಭವನ್ನು ಕಟ್ಟಿದ್ದಾರೆ. 1962ರ ಮುದ್ರಣವನ್ನೂ ಕೇಳಿ, ಅದರ ಪಿಯಾನೊ ಭಾಗ ಇಲ್ಲಿ ಏನಾಗಿದೆ, ಎಷ್ಟು ಉಳಿದಿದೆ ಎಂದು ಹೋಲಿಸುವವರಿಗೆ ಜೋಡಣೆಯ ಕಲೆಯ ಬಗ್ಗೆ ಬಹಳಷ್ಟು ದೊರೆಯುತ್ತದೆ. ಫಂಕ್ ಸಂಗೀತಗಾರ ಸ್ಲೈ ಸ್ಟೋನ್ ಅವರ ಹೆಸರು ಹೊತ್ತ 'ಸ್ಲೈ' ನಿಧಾನವಾಗಿ ಆರಂಭವಾಗಿ ಹಠಾತ್ತನೆ ಓಟಕ್ಕೆ ತಿರುಗುತ್ತದೆ. ಆಲ್ಬಮ್‌ನ ಅತ್ಯಂತ ಕಠಿಣ ನುಡಿಸಾಣಿಕೆ ಇರುವುದು ಇಲ್ಲಿಯೇ. ಆರಂಭದ ಹಂತದವರು ಸದ್ಯಕ್ಕೆ ಇದನ್ನು ಕೇಳಿ ಸಂತೋಷಪಟ್ಟರೆ ಸಾಕು. ಕೊನೆಯ 'ವೇನ್ ಮೆಲ್ಟರ್' ನಿಧಾನಗತಿಯ, ಮಾಪಿನ್ ಅವರ ಬೇಸ್ ಕ್ಲಾರಿನೆಟ್ಟಿನ ಮಬ್ಬಿನಲ್ಲಿ ಸಾಗುವ ಕೃತಿ. ಇದನ್ನು ಮೆಚ್ಚುವವರು ಅನೇಕರಿದ್ದಾರೆ. ನನಗೆ ಅದು ಒಂಬತ್ತು ನಿಮಿಷಗಳಷ್ಟು ಹಿಗ್ಗಬೇಕಿರಲಿಲ್ಲ ಎನಿಸುತ್ತದೆ.

ಆಕ್ಷೇಪಗಳೂ ಇವೆ. ಹಲವು ಪದರಗಳನ್ನು ಒಂದರ ಮೇಲೊಂದು ಮುದ್ರಿಸಿರುವುದರಿಂದ, ಇಲ್ಲಿ ಕೇಳಿಸುವ ಎಲ್ಲ ಕೀಬೋರ್ಡ್ ಸಾಲುಗಳನ್ನೂ ಎರಡು ಕೈಗಳಿಂದ ಒಟ್ಟಿಗೆ ನುಡಿಸುವುದು ಸಾಧ್ಯವಿಲ್ಲ. ಇದು ತಿಳಿಯದ ವಿದ್ಯಾರ್ಥಿ ತನ್ನ ಕೈಗಳನ್ನೇ ದೂಷಿಸಿಕೊಳ್ಳುವ ಅಪಾಯವಿದೆ. ಕಾರ್ಡುಗಳನ್ನು ಹಿಡಿಯುವ ರೋಡ್ಸ್ ಕೆಲವೆಡೆ ಉಳಿದ ಪದರಗಳ ಹಿಂದೆ ಅಡಗಿ, ಅದರ ಒಳಸ್ವರಗಳನ್ನು ಬಿಡಿಸಿಕೊಳ್ಳುವುದು ಪ್ರಯಾಸದ ಕೆಲಸವಾಗುತ್ತದೆ. 'ಕಮೀಲಿಯನ್' ಒಂದು ಮುಕ್ತಾಯಕ್ಕೆ ಬರದೆ ಧ್ವನಿ ಕರಗಿ ನಿಂತುಹೋಗುವುದೂ ಕಲಿಯುವವರಿಗೆ ನಷ್ಟವೇ. ಇಂಥ ಕೃತಿಯನ್ನು ವೇದಿಕೆಯ ಮೇಲೆ ಮುಗಿಸುವುದು ಹೇಗೆಂಬುದನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

ಕೊಳ್ಳುವವರಿಗೆ ಎರಡು ಸೂಚನೆಗಳು. ಸಿಂಗಲ್ (ಬಿಡಿ ಹಾಡಿನ ತಟ್ಟೆ) ಆಗಿ ಹೊರಬಂದ 'ಕಮೀಲಿಯನ್'ನ ಮೊಟಕು ಆವೃತ್ತಿಯೂ ಚಲಾವಣೆಯಲ್ಲಿದೆ. ಅದರಿಂದ ಪ್ರಯೋಜನವಿಲ್ಲ, ಪೂರ್ಣ ಅವಧಿಯದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಎಲ್‌ಪಿಯೋ ಸಿಡಿಯೋ ಸ್ಟ್ರೀಮಿಂಗೋ ಎಂಬುದಕ್ಕಿಂತ, ಯಾವುದರ ಮೂಲಕ ಕೇಳುತ್ತೀರಿ ಎಂಬುದು ಇಲ್ಲಿ ಮುಖ್ಯ: ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಆ ಬೇಸ್ ಸಾಲಿನ ತಳವೇ ಕೇಳಿಸದ ಕಾರಣ ಉಳಿದ ವಾದ್ಯಗಳು ಯಾವುದಕ್ಕೆ ಉತ್ತರಿಸುತ್ತಿವೆಯೆಂದೇ ತಿಳಿಯುವುದಿಲ್ಲ. ಒಳ್ಳೆಯ ಹೆಡ್‌ಫೋನ್ ಇರಲಿ. ನಿಧಾನಗತಿಯಲ್ಲಿ ಕೇಳಿಸುವ ಯಾವುದಾದರೂ ತಂತ್ರಾಂಶವಿದ್ದರೆ ಇನ್ನೂ ಒಳ್ಳೆಯದು.

ಎರಡು ಕಾರ್ಡುಗಳ ಮೇಲೆ ಐದು ನಿಮಿಷ ಬೇಸರವಾಗದಂತೆ ನುಡಿಸಲು ಬಂದಮೇಲೆ, ಹ್ಯಾಂಕಾಕ್ ಅವರು 1974ರಲ್ಲಿ ಹೊರತಂದ 'ಥ್ರಸ್ಟ್' ಆಲ್ಬಮ್ಮಿಗೆ ಹೋಗಬಹುದು. ಡ್ರಮ್ಸಿನಲ್ಲಿ ಹಾರ್ವಿ ಮೇಸನ್ ಅವರ ಜಾಗಕ್ಕೆ ಮೈಕ್ ಕ್ಲಾರ್ಕ್ ಬಂದಿರುವ ಆ ಆಲ್ಬಮ್‌ನಲ್ಲಿ ಲಯವೂ ಕಾರ್ಡುಗಳೂ ಇದಕ್ಕಿಂತ ಬಹಳ ಜಟಿಲವಾಗಿವೆ. ಅದರಿಂದಲೇ ಕಲಿಕೆಯನ್ನು ಆರಂಭಿಸಲು ನಾನು ಯಾರಿಗೂ ಹೇಳಲಾರೆ.