ಭೂಕಂಪದ ಪಾಠಕ್ಕೆ ಯುಎಸ್‌ಜಿಎಸ್ ನಕ್ಷೆ ಮತ್ತು ಐರಿಸ್ ಆನಿಮೇಷನ್: ಹಲವು ವರ್ಷ ಬಳಸಿದ ಮೇಲೆ

ಎಂಟನೇ ತರಗತಿಗೆ ಶಿಲಾಗೋಳದ (ಭೂಮಿಯ ಗಟ್ಟಿಯಾದ ಹೊರಪದರದ) ಪಾಠ ಮಾಡುವ ಶಿಕ್ಷಕರು, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಅಪ್ಪ ಅಮ್ಮ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಕಲಬುರಗಿ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಠದಲ್ಲಿ ಭೂಕಂಪ, ಭೂಫಲಕ (ಭೂಮಿಯ ಹೊರಪದರದ ಸರಿದಾಡುವ ದೊಡ್ಡ ತುಂಡು), ಸುನಾಮಿ ಬಂದಾಗಲೆಲ್ಲ ಎರಡು ತಾಣ ತೆರೆಯುತ್ತೇನೆ. ಒಂದು, ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನ ಭೂಕಂಪ ನಕ್ಷೆ. ಇನ್ನೊಂದು, ಭೂಕಂಪ ಅಧ್ಯಯನದ ಅಮೆರಿಕದ ಒಕ್ಕೂಟ ಐರಿಸ್‌ನ ಆನಿಮೇಷನ್‌ಗಳು ಮತ್ತು ಭೂಕಂಪಗಳನ್ನು ನಕ್ಷೆಯಲ್ಲಿ ಹುಡುಕಿ ನೋಡುವ ಅರ್ಥ್‌ಕ್ವೇಕ್ ಬ್ರೌಸರ್. ಐರಿಸ್ 2023ರಲ್ಲಿ ಯುನಾವ್ಕೊ ಅನ್ನುವ ಇನ್ನೊಂದು ಒಕ್ಕೂಟದ ಜೊತೆ ಸೇರಿ ಅರ್ಥ್‌ಸ್ಕೋಪ್ ಆಗಿದೆ. ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ. ದುಡ್ಡು ಕೊಡಬೇಕಿಲ್ಲ.

ನಕ್ಷೆ ತೆರೆದ ಕೂಡಲೇ ಕಳೆದ ಒಂದು ದಿನದ ಕಂಪನಗಳು ಕಾಣುತ್ತವೆ. ಅದನ್ನು ಹಾಗೇ ತೋರಿಸಿದರೆ ಪ್ರಯೋಜನ ಕಡಿಮೆ. ಅಮೆರಿಕದ ಚಿಕ್ಕಪುಟ್ಟ ಕಂಪನಗಳೇ ಜಾಸ್ತಿ ತುಂಬಿಕೊಂಡಿರುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ 30 ದಿನ, 4.5 ಪ್ರಮಾಣಕ್ಕಿಂತ ದೊಡ್ಡವು ಅಂತ ಆರಿಸಿ. ಭೂಫಲಕಗಳ ಗಡಿ ತೋರಿಸುವ ಗೆರೆಯನ್ನು ತೆಗೆದುಬಿಡಿ. ಮಕ್ಕಳ ಕೈಗೆ ಖಾಲಿ ಪ್ರಪಂಚ ನಕ್ಷೆ ಕೊಟ್ಟು, ಪರದೆ ಮೇಲಿನ ಚುಕ್ಕಿಗಳನ್ನು ಪೆನ್ಸಿಲ್‌ನಲ್ಲಿ ಗುರುತಿಸಲು ಹೇಳಿ. ಜಪಾನ್, ಫಿಲಿಪ್ಪೀನ್ಸ್, ಇಂಡೋನೇಷ್ಯಾ, ಟೋಂಗಾ, ಆಚೆ ದಡದಲ್ಲಿ ಚಿಲಿ. ಚುಕ್ಕಿ ಬೀಳ್ತಾ ಬೀಳ್ತಾ ಪೆಸಿಫಿಕ್ ಸುತ್ತ ಒಂದು ದಾರಿ ಮೂಡುತ್ತದೆ. ಆಮೇಲೆ ಗಡಿ ಗೆರೆ ಹಾಕಿ ತೋರಿಸಿ. ತಾವು ಹಾಕಿದ ಚುಕ್ಕಿಗಳ ಮೇಲೇ ಆ ಗೆರೆ ಹೋಗುವುದನ್ನು ನೋಡಿದ ಮಕ್ಕಳಿಗೆ ಭೂಫಲಕ ಅಂದರೇನು ಅಂತ ಮತ್ತೆ ವ್ಯಾಖ್ಯಾನ ಬರೆಸಬೇಕಾಗಿಲ್ಲ.

ಇದಕ್ಕಿಂತ ಆಳಕ್ಕೆ ಹೋಗಬೇಕಾದರೆ ಐರಿಸ್‌ನ ಬ್ರೌಸರ್ ಬೇಕು. ಟೋಂಗಾ ಸುತ್ತ ಒಂದು ಚೌಕ ಎಳೆದು 3ಡಿ ನೋಟ ಒತ್ತಿ, ತಿರುಗಿಸಿ. ಮೇಲಿಂದ ಹರಡಿಕೊಂಡಂತೆ ಕಂಡ ಚುಕ್ಕಿಗಳು ಪಕ್ಕದಿಂದ ನೋಡಿದರೆ ಓರೆಯಾಗಿ ಸುಮಾರು 600–700 ಕಿ.ಮೀ. ಆಳಕ್ಕೆ ಇಳಿಯುತ್ತವೆ. ಒಂದು ಫಲಕ ಇನ್ನೊಂದರ ಕೆಳಗೆ ನುಗ್ಗುವ ದಾರಿ ಅದು. ಯಾವ ಚಿತ್ರವೂ ಇದನ್ನು ಇಷ್ಟು ಚೆನ್ನಾಗಿ ತೋರಿಸಿದ್ದನ್ನು ನಾನು ನೋಡಿಲ್ಲ.

ಸುನಾಮಿಗೆ ನಾನು ಎರಡು ಭೂಕಂಪಗಳನ್ನು ಜೊತೆಯಾಗಿ ತೆರೆಯುತ್ತೇನೆ. 2004ರ ಡಿಸೆಂಬರ್ 26ರದ್ದು, 9.1 ಪ್ರಮಾಣದ್ದು. 2012ರ ಏಪ್ರಿಲ್ 11ರದ್ದು, 8.6. ಎರಡೂ ಸುಮಾತ್ರಾ ಕಡೆಯವೇ. ಎರಡನೆಯದರ ಅಲುಗಾಟ ಚೆನ್ನೈ, ಬೆಂಗಳೂರಿನವರೆಗೂ ತಿಳಿಯಿತು, ಸುನಾಮಿ ಎಚ್ಚರಿಕೆಯೂ ಹೊರಟಿತು. ಆದರೆ ದೊಡ್ಡ ಅಲೆ ಬರಲಿಲ್ಲ. ಯಾಕೆ? ಯುಎಸ್‌ಜಿಎಸ್‌ನಲ್ಲಿ ಎರಡರ ಪುಟದಲ್ಲೂ, ಬಂಡೆ ಹೇಗೆ ಜಾರಿತು ಅಂತ ತೋರಿಸುವ ಎರಡು ಬಣ್ಣದ ಚೆಂಡಿನಂಥ ಚಿತ್ರ ಇರುತ್ತದೆ. 2012ರದ್ದು ಅಚ್ಚುಕಟ್ಟಾಗಿ ನಾಲ್ಕು ಹೋಳು. ಬಂಡೆಗಳು ಅಕ್ಕಪಕ್ಕ ಜಾರಿವೆ ಅಂತ ಅದರ ಅರ್ಥ. ಸಮುದ್ರದ ತಳ ಮೇಲೆದ್ದಿಲ್ಲ, ಹಾಗಾಗಿ ನೀರನ್ನೂ ಅಷ್ಟಾಗಿ ಎತ್ತಿಲ್ಲ. 2004ರಲ್ಲಿ ಸುಮಾರು 1,300 ಕಿ.ಮೀ. ಉದ್ದಕ್ಕೆ ಬಿರುಕು ಓಡಿ ತಳವೇ ಎದ್ದಿತ್ತು. ದೊಡ್ಡ ಭೂಕಂಪ ಆದರೆ ಸುನಾಮಿ ಬಂದೇ ಬರುತ್ತದೆ ಅಂತ ಟಿವಿ ನೋಡಿ ನಂಬಿದ ಮಕ್ಕಳಿಗೆ ಈ ಜೋಡಿ ಸಾಕು.

ಇನ್ನು ಆನಿಮೇಷನ್‌ಗಳು. ಭೂಕಂಪದಿಂದ ಹೊರಟು ಮೊದಲು ತಲುಪುವ ಪಿ ಅಲೆ, ಅದರ ಹಿಂದೆ ಬರುವ ಎಸ್ ಅಲೆ ತೋರಿಸುವವು ತುಂಬಾ ಚೆನ್ನಾಗಿವೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು ಅಲ್ಲೇ ವಿವರಿಸಿರುವ ‘ಅರ್ಥ್‌ಕ್ವೇಕ್ ಮಷಿನ್’. ಹಲಗೆ ಮೇಲೆ ಉಪ್ಪುಕಾಗದ ಅಂಟಿಸಿ. ಮರದ ತುಂಡಿನ ತಳಕ್ಕೂ ಅದನ್ನೇ ಅಂಟಿಸಿ. ತುಂಡಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಒಂದೇ ಸಮನೆ ನಿಧಾನವಾಗಿ ಎಳೆಯಿರಿ. ರಬ್ಬರ್ ಹಿಗ್ಗುತ್ತದೆ, ತುಂಡು ಅಲುಗಾಡುವುದಿಲ್ಲ. ಇನ್ನೂ ಎಳೆಯಿರಿ. ತಟ್ಟನೆ ಜಿಗಿಯುತ್ತದೆ, ಒಮ್ಮೆ ಸ್ವಲ್ಪ, ಒಮ್ಮೆ ಜಾಸ್ತಿ. ಮುಂದಿನ ಜಿಗಿತ ಯಾವಾಗ ಅಂತ ಹೇಳಲು ಮಕ್ಕಳು ಪೈಪೋಟಿಗೆ ಬೀಳುತ್ತಾರೆ, ಯಾರ ಲೆಕ್ಕವೂ ಸರಿಯಾಗಿ ಕೂರುವುದಿಲ್ಲ. ಇಂತಾ ದಿನ ಭೂಕಂಪ ಆಗುತ್ತೆ ಅನ್ನುವ ವಾಟ್ಸಾಪ್ ಸಂದೇಶವನ್ನು ಯಾಕೆ ನಂಬಬಾರದು ಅಂತ ಆಗ ಹೇಳಿದರೆ ನಾಟುತ್ತದೆ.

ಕೊರತೆ ಇಲ್ಲವೇ? ಇದೆ. ಅಮೆರಿಕದ ಹೊರಗಿನ ಚಿಕ್ಕ ಕಂಪನಗಳು ಯುಎಸ್‌ಜಿಎಸ್ ಪಟ್ಟಿಯಲ್ಲಿ ಎಲ್ಲವೂ ಸಿಗುವುದಿಲ್ಲ. 2021ರಲ್ಲಿ ನಮ್ಮ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಮತ್ತೆ ಮತ್ತೆ ನಡುಗಿತು. ಜನ ಹೆದರಿ ಮನೆಯ ಹೊರಗೆ ಮಲಗಿದರು. "ಸರ್, ನಮ್ಮ ಕಡಿಂದು ಇದ್ರಾಗ ಯಾಕ ಇಲ್ರೀ?" ಅಂತ ಹುಡುಗಿಯೊಬ್ಬಳು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೆ ನಮ್ಮ ರಾಷ್ಟ್ರೀಯ ಭೂಕಂಪನ ಕೇಂದ್ರದ ‘ಭೂಕಂಪ್’ ಆ್ಯಪ್ ಬೇಕು. ಎರಡನ್ನೂ ಇಟ್ಟುಕೊಳ್ಳಿ.

ಅವಳ ಎರಡನೇ ಪ್ರಶ್ನೆ ಇನ್ನೂ ಗಟ್ಟಿ. ನಾವು ಫಲಕದ ಅಂಚಿನಲ್ಲಿ ಇಲ್ಲ, ಆದರೂ ಯಾಕೆ ನಡುಗುತ್ತದೆ? ನಮ್ಮ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿದು ಏಷ್ಯಾವನ್ನು ಒತ್ತುತ್ತದೆ. ಆ ಒತ್ತಡ ಒಳನಾಡಿನ ಹಳೆಯ ಬಿರುಕುಗಳಿಗೂ ಮುಟ್ಟುತ್ತದೆ. ಯುಎಸ್‌ಜಿಎಸ್ ಕ್ಯಾಟಲಾಗ್‌ನಲ್ಲಿ 1993ರ ಸೆಪ್ಟೆಂಬರ್ ಹಾಕಿದರೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಭೂಕಂಪ ಬರುತ್ತದೆ. 6.2 ಪ್ರಮಾಣ, ಹತ್ತಿರ ಹತ್ತಿರ 10 ಸಾವಿರ ಸಾವು. ನಮ್ಮ ಕಡೆ ಅಜ್ಜ ಅಜ್ಜಿ ಇರುವ ಮನೆಗಳಲ್ಲಿ ಕಿಲ್ಲಾರಿ ಹೆಸರು ಗೊತ್ತಿರುತ್ತದೆ. ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂತ ಕಳಿಸಿ, ಮರುದಿನದ ತರಗತಿ ಬೇರೆಯೇ ಆಗಿರುತ್ತದೆ.

ಅಲುಗಾಡಿದಾಗ ಏನು ಮಾಡಬೇಕು ಅನ್ನುವುದು ನಕ್ಷೆ ನೋಡಿದರೆ ಬರುವುದಿಲ್ಲ. ಅದಕ್ಕೆ ನಾನು ಸುಮಾತ್ರಾ ಪಕ್ಕದ ಸಿಮೆಲು ದ್ವೀಪದ ಕಥೆ ಹೇಳುತ್ತೇನೆ. 1907ರ ಸುನಾಮಿಯನ್ನು ಅಲ್ಲಿನವರು ‘ಸ್ಮಾಂಗ್’ ಅಂತ ಹಾಡಿನಲ್ಲಿ, ಕಥೆಯಲ್ಲಿ ಮಕ್ಕಳಿಗೆ ಹೇಳುತ್ತಾ ಬಂದಿದ್ದರು. ನೆಲ ಜೋರಾಗಿ ನಡುಗಿ ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು, ಅಷ್ಟೇ. 2004ರಲ್ಲಿ ಅಲ್ಲಿದ್ದ ಸುಮಾರು 78,000 ಜನರಲ್ಲಿ ಸತ್ತವರು 7 ಮಂದಿ.

ನಕ್ಷೆ ಮೊಬೈಲ್‌ನಲ್ಲೂ ಚೆನ್ನಾಗಿ ನಡೆಯುತ್ತದೆ. 3ಡಿ ನೋಟಕ್ಕೆ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಆನಿಮೇಷನ್‌ಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಿ, ಶಾಲೆಯ ನೆಟ್ ನಂಬಬೇಡಿ. ಅವು ಇಂಗ್ಲಿಷಿನಲ್ಲಿವೆ, ಕೆಲವು ಸ್ಪ್ಯಾನಿಷ್‌ನಲ್ಲೂ ಇವೆ. ನಾನು ಧ್ವನಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಸಂಸ್ಥೆಯ ಒಪ್ಪಿಗೆ ಪಡೆದು ಕನ್ನಡದ ಧ್ವನಿ ಸೇರಿಸಲು ಮುಂದೆ ಬರುವ ಶಿಕ್ಷಕರು ಇದ್ದರೆ, ಸಾಲುಗಳನ್ನು ಬರೆದುಕೊಡಲು ನಾನು ತಯಾರಿದ್ದೇನೆ.